ಕೊಂಡ ಪದವಿಯೋ, ಗಳಿಸಿದ ಪದವಿಯೋ: ಬ್ರಿಟಿಷ್ ಸೇನಾಧಿಕಾರಿಯ ಬಡ್ತಿಯನ್ನು ಪತ್ತೆ ಮಾಡುವ ಕ್ರಮ

ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಗೋರಿಕಲ್ಲುಗಳನ್ನು ಓದುತ್ತಾ ಕ್ಯಾಪ್ಟನ್, ಮೇಜರ್ ಎಂಬ ಪದವಿಗಳನ್ನು ಟಿಪ್ಪಣಿ ಮಾಡಿಕೊಳ್ಳುವ ಇತಿಹಾಸದ ಅಭ್ಯಾಸಿಯು, ಆ ಪದವಿ ಸೇವೆಯಿಂದ ಬಂದದ್ದೋ ಹಣ ತೆತ್ತು ಕೊಂಡದ್ದೋ ಎಂಬುದನ್ನು ವಿಚಾರಿಸದೆ ಮುಂದೆ ಸಾಗಬಾರದು. 1871ರವರೆಗೆ ಬ್ರಿಟನ್ನಿನ ಕಾಲ್ದಳ ಮತ್ತು ಅಶ್ವದಳಗಳಲ್ಲಿ ಲೆಫ್ಟಿನೆಂಟ್ ಕರ್ನಲ್‌ವರೆಗಿನ ಪದವಿಗಳನ್ನು ಕೊಳ್ಳುವ, ಮಾರುವ ಪದ್ಧತಿಯಿತ್ತು.

ಮೊದಲು ಅಧಿಕಾರಿ ಯಾವ ಸೇನೆಯವನೆಂದು ನೋಡಿ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇನೆಯವನಾದರೆ ಬಡ್ತಿ ಮುಖ್ಯವಾಗಿ ಸೇವಾ ಜ್ಯೇಷ್ಠತೆಯಿಂದ ಬಂದಿರುತ್ತದೆ. ಬ್ರಿಟಿಷ್ ದೊರೆಯ ಸೇನೆಯಲ್ಲೂ ಫಿರಂಗಿದಳಕ್ಕೆ ಮತ್ತು ಇಂಜಿನಿಯರ್ ದಳಕ್ಕೆ ಖರೀದಿಯ ಪದ್ಧತಿ ತಟ್ಟಿರಲಿಲ್ಲ. ಈ ವಿಂಗಡಣೆಯಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ಉಳಿದವರಿಗಾಗಿ ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆಯಾದ ಲಂಡನ್ ಗೆಜೆಟ್‌ನ ನೇಮಕಾತಿ ಸಾಲುಗಳನ್ನು ನೋಡಬೇಕು. ಅಧಿಕಾರಿಯ ಹೆಸರಿನ ಮುಂದೆ 'ಬೈ ಪರ್ಚೇಸ್' ಎಂದಿದ್ದರೆ ಕೊಂಡದ್ದು, 'ವಿದೌಟ್ ಪರ್ಚೇಸ್' ಎಂದಿದ್ದರೆ ಕೊಳ್ಳದೆ ಬಂದದ್ದು. 'ವೈಸ್' ಎಂಬ ಪದದ ನಂತರ ಬರುವ ಹೆಸರು ಅವನಿಗಿಂತ ಮೊದಲು ಆ ಸ್ಥಾನದಲ್ಲಿದ್ದವನದು. ಹಿಂದಿನವನು ತೀರಿಕೊಂಡಿದ್ದರೆ ಆ ಸ್ಥಾನವನ್ನು ಸಾಮಾನ್ಯವಾಗಿ ಮಾರುತ್ತಿರಲಿಲ್ಲ, ಜ್ಯೇಷ್ಠತೆಯಂತೆ ತುಂಬುತ್ತಿದ್ದರು. ನಿವೃತ್ತನಾಗುವಾಗ ಪದವಿ ಮಾರಿ ಹಣ ಹಿಂಪಡೆಯುವುದೇ ಅಧಿಕಾರಿಯ ಪಿಂಚಣಿಯಂತಿದ್ದುದರಿಂದ, ಸೇವೆಯಲ್ಲಿರುವಾಗಲೇ ಸತ್ತವನ ಕುಟುಂಬ ಆ ಇಡುಗಂಟನ್ನು ಸಾಮಾನ್ಯವಾಗಿ ಕಳೆದುಕೊಳ್ಳುತ್ತಿತ್ತು. ಕಾವೇರಿ ದಂಡೆಯಲ್ಲಿ ನೀವು ಓದುತ್ತಿರುವ ಕಲ್ಲಿನ ಹಿಂದೆ ಈ ನಷ್ಟವೂ ಇರಬಹುದೆಂಬುದನ್ನು ಮರೆಯಬೇಡಿ.

ಬೆಲೆಯ ಅಂದಾಜಿಗೆ 1821ರ ಅಧಿಕೃತ ದರಪಟ್ಟಿ ಸಾಕು. ಸಾಮಾನ್ಯ ಕಾಲ್ದಳದಲ್ಲಿ ಅಧಿಕಾರಿಯ ಮೊದಲ ಮೆಟ್ಟಿಲಾದ ಎನ್‌ಸೈನ್ ಪದವಿಗೆ 450 ಪೌಂಡ್, ಲೆಫ್ಟಿನೆಂಟ್‌ಗೆ 700, ಕ್ಯಾಪ್ಟನ್‌ಗೆ 1,800, ಮೇಜರ್‌ಗೆ 3,200, ಲೆಫ್ಟಿನೆಂಟ್ ಕರ್ನಲ್‌ಗೆ 4,500. ಏರುವವನು ವ್ಯತ್ಯಾಸವನ್ನಷ್ಟೇ ಕೊಡುತ್ತಿದ್ದನಾದ್ದರಿಂದ ಕ್ಯಾಪ್ಟನ್ ಆಗಲು ಲೆಫ್ಟಿನೆಂಟ್‌ಗೆ 1,100 ಪೌಂಡ್ ಬೇಕಿತ್ತು. ಇದರ ಮೇಲೆ ಕಾನೂನಿಗೆ ವಿರುದ್ಧವಾಗಿ, ಆದರೆ ಎಲ್ಲರಿಗೂ ಗೊತ್ತಿದ್ದಂತೆಯೇ, ಹೆಚ್ಚುವರಿ ಹಣ ಕೈ ಬದಲಾಗುತ್ತಿತ್ತು. ಅದು ದರಪಟ್ಟಿಯಲ್ಲಿ ಕಾಣುವುದಿಲ್ಲ.

ಈಗ ಇಬ್ಬರನ್ನು ಹೋಲಿಸಿ ನೋಡಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದರ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ, ಅಣ್ಣ ಕೊಟ್ಟ ಹಣದಿಂದ 1793ರಲ್ಲಿ 33ನೆಯ ಕಾಲ್ದಳದ ಮೇಜರ್ ಪದವಿಯನ್ನೂ ಅದೇ ವರ್ಷ ಲೆಫ್ಟಿನೆಂಟ್ ಕರ್ನಲ್ ಪದವಿಯನ್ನೂ ಕೊಂಡಾಗ ಅವನಿಗೆ 24 ವರ್ಷ. ಆದರೆ 1815ರಲ್ಲಿ ಸೇನೆ ಸೇರಿದ ಹೆನ್ರಿ ಹ್ಯಾವ್‌ಲಾಕ್, ಪದವಿ ಕೊಳ್ಳಲು ಹಣವಿಲ್ಲದೆ, ಕ್ಯಾಪ್ಟನ್ ಆಗಲು 1838ರವರೆಗೆ ಕಾಯಬೇಕಾಯಿತು. ವೆಲ್ಲೆಸ್ಲಿ ಸಮರ್ಥನೇ ಆಗಿದ್ದನೆಂಬುದು ಪದ್ಧತಿಯ ಸಮರ್ಥನೆಯಾಗಲಾರದು; ಹ್ಯಾವ್‌ಲಾಕ್‌ನ 23 ವರ್ಷಗಳನ್ನು ಯಾರೂ ಹಿಂತಿರುಗಿಸಲಿಲ್ಲ.

1871ರ ಸುಧಾರಣೆಯನ್ನು ಬರೆಯುವಾಗ ಪದ್ಧತಿಯನ್ನು ರದ್ದುಪಡಿಸಲಾಯಿತು ಎಂಬ ಒಂದೇ ವಾಕ್ಯಕ್ಕೆ ನಿಲ್ಲಿಸಬೇಡಿ, ಹಣದ ಲೆಕ್ಕವನ್ನು ಹಿಂಬಾಲಿಸಿ. ಪ್ರಧಾನಿ ಗ್ಲ್ಯಾಡ್‌ಸ್ಟನ್ ಸರ್ಕಾರದ ಯುದ್ಧ ಸಚಿವ ಎಡ್ವರ್ಡ್ ಕಾರ್ಡ್‌ವೆಲ್ ತಂದ ಮಸೂದೆಯಲ್ಲಿ, ಅಧಿಕಾರಿಗಳು ಕಾನೂನುಬಾಹಿರವಾಗಿ ತೆತ್ತ ಹೆಚ್ಚುವರಿ ಮೊತ್ತಕ್ಕೂ ಪರಿಹಾರವಿತ್ತು. ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆ ಆ ಮಸೂದೆಯನ್ನು ತಡೆದಾಗ, ಸರ್ಕಾರ ಜುಲೈ 20ರಂದು ವಿಕ್ಟೋರಿಯಾ ರಾಣಿಯ ರಾಜಾಜ್ಞೆಯ ಮೂಲಕ ನವೆಂಬರ್ 1ರಿಂದ ಖರೀದಿಯನ್ನೇ ನಿಲ್ಲಿಸಿತು. ಮಸೂದೆ ಬಿದ್ದುಹೋದರೆ ಪದವಿಯೂ ಮಾರುವಂತಿಲ್ಲ, ಪರಿಹಾರವೂ ಸಿಗುವುದಿಲ್ಲ ಎಂಬ ಸ್ಥಿತಿ ಬಂದ ಮೇಲೆ ಲಾರ್ಡ್ಸ್ ಅದನ್ನು ಅಂಗೀಕರಿಸಿದರು. ತಪ್ಪು ವ್ಯವಹಾರಕ್ಕೆ ಖಜಾನೆಯಿಂದ ಹಣ ಕೊಟ್ಟದ್ದು ಕಹಿಯೇ; ಆದರೆ ಆ ಕಹಿಯನ್ನು ನುಂಗದೆ ಪದ್ಧತಿ ಅಳಿಯುತ್ತಿರಲಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಕೊನೆಯದಾಗಿ, 1871ರ ನಂತರದ ಅಧಿಕಾರಿಯ ಬಡ್ತಿಯೆಲ್ಲ ಅರ್ಹತೆಯದೆಂದು ಭಾವಿಸಬೇಡಿ. ಪದವಿ ಮಾರಿ ಹೊರಡುವ ದಾರಿ ಮುಚ್ಚಿದ್ದರಿಂದ ಹಿರಿಯರು ಸ್ಥಾನ ಬಿಡದೆ ಬಡ್ತಿಗಳು ಕಟ್ಟಿಕೊಂಡವು. ಅದನ್ನು ಬಿಡಿಸಲು 1877ರಲ್ಲಿ ವಯಸ್ಸಿನ ಮಿತಿಯ ಕಡ್ಡಾಯ ನಿವೃತ್ತಿ ಬಂತು. ಆ ಕಾಲದ ಕ್ಯಾಪ್ಟನ್ ನಡುವಯಸ್ಸಿನಲ್ಲೇ ಸೇನೆ ಬಿಟ್ಟಿದ್ದರೆ, ಅಪರಾಧವನ್ನು ಊಹಿಸುವ ಮೊದಲು ಅವನ ಜನನ ವರ್ಷವನ್ನು ಹುಡುಕಿ.