ಗಂಡು ಚಿಗರಿಗೆ ಒಂದು ಜಾಸ್ತಿ: ನಾನು ಎಣಿಸಿದ ಕ್ರೋಮೋಸೋಮ್‌ಗಳು

ಕೃಷ್ಣಮೃಗಕ್ಕೆ ನಮ್ಮ ಕಡೆ ಚಿಗರಿ ಅಂತೀವಿ. ಮೃಗಾಲಯವೊಂದರಲ್ಲಿ ಆರೋಗ್ಯ ತಪಾಸಣೆಗೆ ತೆಗೆದ ರಕ್ತದಲ್ಲಿ ಸ್ವಲ್ಪ, ಅನುಮತಿ ಪಡೆದು, ನನ್ನ ಕೈಗೆ ಬಂತು. ಒಂದು ಟ್ಯೂಬ್ ಗಂಡಿನದು, ಒಂದು ಹೆಣ್ಣಿನದು.

ಕೋಶದೊಳಗಿನ ಕ್ರೋಮೋಸೋಮ್‌ಗಳನ್ನು, ಅಂದರೆ ವಂಶಗುಣ ಹೊರುವ ವರ್ಣತಂತುಗಳನ್ನು, ಎಣಿಸುವ ಕೆಲಸ ಕಲಿತದ್ದು ದನದ ರಕ್ತದಲ್ಲಿ. ಬಿಳಿ ರಕ್ತಕಣಗಳನ್ನು 72 ಗಂಟೆ ಬೆಳೆಸಿ, ಕೊನೆಯಲ್ಲಿ ಕೊಲ್ಚಿಸಿನ್ ಹಾಕಿ ವಿಭಜನೆಯನ್ನು ನಡುವೆಯೇ ನಿಲ್ಲಿಸಬೇಕು. ಆಮೇಲೆ ಬರುವ ಪೊಟ್ಯಾಸಿಯಂ ಕ್ಲೋರೈಡ್ ಹಂತವೇ ನಿಜವಾದ ಪರೀಕ್ಷೆ. ಕೋಶ ನೀರು ಕುಡಿದು ಉಬ್ಬಬೇಕು. ಕಡಿಮೆ ಉಬ್ಬಿದರೆ ಕ್ರೋಮೋಸೋಮ್‌ಗಳು ಒಂದರ ಮೇಲೊಂದು ಬೀಳುತ್ತವೆ. ಜಾಸ್ತಿಯಾದರೆ ಕೋಶ ಒಡೆದು ಒಂದೆರಡು ಕಳೆದೇ ಹೋಗುತ್ತವೆ.

ಹೆಣ್ಣಿನಲ್ಲಿ 30 ಸಿಕ್ಕಿತು. ಗಂಡಿನಲ್ಲಿ 31.

ಕ್ರೋಮೋಸೋಮ್‌ಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಬೆಸ ಸಂಖ್ಯೆ ಕಂಡರೆ ಪಕ್ಕದ ಕೋಶದ್ದೊಂದು ಬಂದು ಬಿದ್ದಿರಬೇಕು ಅಂತಲೇ ಮೊದಲ ಅನುಮಾನ, ಅಲ್ವಾ? ಹೊಸ ಸ್ಲೈಡ್ ಮಾಡಿ 50 ಕೋಶ ಎಣಿಸಿದೆ. ಚೆನ್ನಾಗಿ ಹರಡಿದ ಪ್ರತಿ ಕೋಶದಲ್ಲೂ 31.

ದನಕ್ಕೆ 60, ಆಡಿಗೂ 60. ಕುರಿಗೆ 54, ಯಾಕೆಂದರೆ ಆಡಿನಲ್ಲಿ ಬೇರೆ ಬೇರೆ ಇರುವ ಆರು ಜೋಡಿ ಕುರಿಯಲ್ಲಿ ಎರಡೆರಡು ಬೆಸೆದು ಮೂರು ಜೋಡಿಯಾಗಿವೆ. ಚಿಗರಿಯಲ್ಲಿ ಇಂಥ ಬೆಸುಗೆ ಇನ್ನೂ ಎಷ್ಟೋ ಆಗಿದೆ. ಗಂಡು-ಹೆಣ್ಣು ನಿರ್ಧರಿಸುವ ಎಕ್ಸ್, ವೈ ಕ್ರೋಮೋಸೋಮ್‌ಗಳಲ್ಲಿ ಎಕ್ಸ್ ಕೂಡ ಅದರಿಂದ ತಪ್ಪಿಸಿಕೊಂಡಿಲ್ಲ. ದನದಲ್ಲಿ 5ನೇ ನಂಬರಿನದಾಗಿರುವ ಕ್ರೋಮೋಸೋಮ್ ಇಲ್ಲಿ ಎಕ್ಸ್‌ಗೆ ಅಂಟಿಕೊಂಡಿದೆ. ಹೆಣ್ಣಿಗೆ ಎರಡು ಎಕ್ಸ್, ಆದ್ದರಿಂದ ಎರಡು 5 ಕೂಡ ಅಂಟಿಯೇ ಇವೆ. ಗಂಡಿಗೆ ಎಕ್ಸ್ ಒಂದೇ, ಇನ್ನೊಂದು ವೈ. ಹಾಗಾಗಿ ಅವನ ಇನ್ನೊಂದು 5 ವೈ ಪಕ್ಕದಲ್ಲಿ ಬಿಡಿಯಾಗಿ ಉಳಿಯುತ್ತದೆ. ಅಪ್ಪನಿಂದ ಮಗನಿಗೆ ಅದು ವೈ ಜೊತೆಗೇ ಹೋಗುತ್ತದೆ. ಅದಕ್ಕೇ ಅದನ್ನು ಎರಡನೇ ವೈ ಅಂತಲೂ ಕರೆಯುತ್ತಾರೆ. ಚಿಗರಿಯ ಸಂಬಂಧಿಯಾದ ಚಿಂಕಾರದಲ್ಲೂ ಇದೇ ಬೆಸುಗೆ ಇದೆ.

ಇದನ್ನೆಲ್ಲ ಓದಿದ್ದೆ. ಆದರೂ ಕಣ್ಣಾರೆ ಕಾಣಬೇಕಿತ್ತು. ಸ್ಲೈಡ್‌ಗಳನ್ನು ಕೆಲವು ದಿನ ಹಾಗೇ ಇಟ್ಟು, ಪ್ರೋಟೀನ್ ಕರಗಿಸುವ ಟ್ರಿಪ್ಸಿನ್‌ನಲ್ಲಿ ಅದ್ದಿ, ಜೀಮ್ಸಾ ಬಣ್ಣ ಕೊಟ್ಟೆ. ಹೀಗೆ ಮಾಡಿದರೆ ಪ್ರತಿ ಕ್ರೋಮೋಸೋಮಿನ ಮೇಲೂ ಅದರದೇ ಗುರುತಿನ ಪಟ್ಟಿಗಳು ಕಾಣುತ್ತವೆ. ಟ್ರಿಪ್ಸಿನ್ ಸೆಕೆಂಡುಗಳ ಲೆಕ್ಕ. ಕೆಲವು ಸ್ಲೈಡ್ ಮಸುಕಾಗಿಯೇ ಹೋದವು. ಒಂದರಲ್ಲಿ ಪಟ್ಟಿಗಳು ಚೊಕ್ಕವಾಗಿ ಎದ್ದವು. ಬಿಡಿಯಾಗಿದ್ದ ಆ ಕ್ರೋಮೋಸೋಮಿನ ಚಿತ್ರ ಕತ್ತರಿಸಿ ಎಕ್ಸ್ ಪಕ್ಕ ಇಟ್ಟೆ. ಎಕ್ಸ್‌ನ ಒಂದು ತೋಳಿನ ಜೊತೆ ಪಟ್ಟಿಗೆ ಪಟ್ಟಿ ಹೊಂದಿಕೊಂಡಿತು. ದನದ 5ನ್ನೂ ತಂದಿಟ್ಟೆ. ಅದೇ ಸಾಲು! ಆ ದಿನ ಊಟದ ನೆನಪೇ ಇರಲಿಲ್ಲ.

ಆಮೇಲಿಂದ ಯಾವ ರಕ್ತ ಬಂದರೂ, ಟ್ಯೂಬಿನ ಮೇಲೆ ಮೊದಲು ಬರೆಯುವುದು ಗಂಡೋ ಹೆಣ್ಣೋ ಅಂತ.