ಮಾಯದ ಗಾಯಕ್ಕೆ ಜಿಂಕ್ ಗುಳಿಗೆ ಬರೆಯುವ ಮುನ್ನ

ಶಿರಸಿಯಲ್ಲಿ ವೈದ್ಯವೃತ್ತಿ ನಡೆಸುವ ನನ್ನಲ್ಲಿಗೆ ಮಳೆಗಾಲದಲ್ಲಿ ಅಡಿಕೆ ತೋಟದ ಕೆಸರು ತುಳಿದು ಕಾಲಿಗೆ ಹುಣ್ಣು ಮಾಡಿಕೊಂಡವರು ಬರುತ್ತಲೇ ಇರುತ್ತಾರೆ. ಹುಣ್ಣು ವಾರಗಟ್ಟಲೆ ಮಾಯದಿದ್ದರೆ ನಾನು ಮೊದಲು ನೋಡುವುದು ರಕ್ತದ ಸಕ್ಕರೆ, ಪಾದದ ನಾಡಿ ಮತ್ತು ಸೋಂಕನ್ನು. ಇವು ಹತೋಟಿಗೆ ಬಾರದೆ ಯಾವ ಖನಿಜವೂ ಫಲ ಕೊಡುವುದಿಲ್ಲ. ಊಟದ ವಿಚಾರಣೆ ಆಮೇಲಿನದು.

ಗಾಯದ ಅಂಚಿನ ಜೀವಕೋಶಗಳು ವಿಭಜನೆಯಾಗಿ ಒಳಮುಖವಾಗಿ ಸರಿಯುವುದಕ್ಕೆ ಸತು, ಅಂದರೆ ಜಿಂಕ್, ಬೇಕು. ಅಡಿಯಲ್ಲಿ ಹೊಸದಾಗಿ ಹುಟ್ಟುವ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಸರಿಯಾಗಿ ಹೆಣೆದುಕೊಳ್ಳಲು ಕಬ್ಬಿಣವೂ, ಅದನ್ನು ಕ್ರಿಯಾಶೀಲವಾಗಿ ಉಳಿಸುವ ಸಿ ಜೀವಸತ್ವವೂ ಬೇಕು. ಆ ಎಳೆಗಳನ್ನು ಒಂದಕ್ಕೊಂದು ಬೆಸೆದು ಗಟ್ಟಿಗೊಳಿಸುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ತಾಮ್ರವಿಲ್ಲದೆ ಕೆಲಸವಿಲ್ಲ. ಸೆಲೆನಿಯಂ, ಮ್ಯಾಂಗನೀಸ್‌ಗಳಿಗೂ ಪಾತ್ರವಿದೆಯಾದರೂ ನನ್ನ ನಿತ್ಯದ ಚಿಕಿತ್ಸೆಯಲ್ಲಿ ಅವುಗಳ ಪ್ರಸ್ತಾಪ ಬರುವುದು ಅಪರೂಪ.

ರಕ್ತದ ಸತುವಿನ ಪರೀಕ್ಷೆಯನ್ನು ನಾನು ಹೆಚ್ಚು ನೆಚ್ಚುವುದಿಲ್ಲ. ಸೋಂಕು, ಉರಿಯೂತ ಇದ್ದಾಗ ಸತು ರಕ್ತದಿಂದ ಯಕೃತ್ತಿಗೆ ಸರಿಯುವುದರಿಂದ, ಕೊರತೆ ಇಲ್ಲದವರಲ್ಲಿಯೂ ಅಂಕಿ ಇಳಿದು ಕಾಣುತ್ತದೆ. ಅದಕ್ಕಿಂತ ತಟ್ಟೆಯಲ್ಲಿ ಏನಿರುತ್ತದೆ ಎಂದು ಕೇಳುವುದೇ ಮೇಲು. ಕುಮಟಾ, ಕಾರವಾರದ ಕಡೆ ಮೀನು, ಚಿಪ್ಪಿನ ಜೀವಿಗಳನ್ನು ತಿನ್ನುವವರಿಗೆ ಸತು ಸುಲಭವಾಗಿ ದಕ್ಕುತ್ತದೆ. ಸಿಂಪಿಯಲ್ಲಂತೂ ಅದು ಹೇರಳ. ಘಟ್ಟದ ಮೇಲಿನ ಸಸ್ಯಾಹಾರಿ ಹಿರಿಯರು, ಅದರಲ್ಲೂ ಹಲ್ಲು ಹೋಗಿ ಅನ್ನ, ತಂಬುಳಿಯಲ್ಲೇ ಊಟ ಮುಗಿಸುವವರ ವಿಷಯ ಬೇರೆ. ಧಾನ್ಯ, ಬೇಳೆಗಳಲ್ಲಿರುವ ಫೈಟೇಟ್ ಎಂಬ ಅಂಶ ಸತುವನ್ನು ಹಿಡಿದಿಟ್ಟು ಕರುಳು ಹೀರದಂತೆ ಮಾಡುತ್ತದೆ. ಹೆಸರುಕಾಳು ನೆನೆಸಿ ಮೊಳಕೆ ಬರಿಸಿ ಬೇಯಿಸಿಕೊಳ್ಳಿ, ಮೊಸರು ಬಿಡಬೇಡಿ, ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟವಾದ ಕೂಡಲೇ ಚಹಾ ಬೇಡ ಎಂದು ಇಂಥವರ ಮನೆಯವರಿಗೆ ಹೇಳಿ ಕಳಿಸುತ್ತೇನೆ.

ಗುಳಿಗೆಯನ್ನು ಬರೆಯುವುದು ಕೊರತೆಯ ಲಕ್ಷಣ ಬಲವಾಗಿದ್ದರೆ ಮಾತ್ರ, ಅದೂ ಅವಧಿ ಗೊತ್ತುಮಾಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಪುರುಷರಿಗೆ ದಿನಕ್ಕೆ 17 ಮಿಲಿಗ್ರಾಂ, ಮಹಿಳೆಯರಿಗೆ 13.2 ಮಿಲಿಗ್ರಾಂ ಸತು ಸಾಕು. ಒಂದೊಂದು ಗುಳಿಗೆಯಲ್ಲೇ 50 ಮಿಲಿಗ್ರಾಂ ಇರುತ್ತದೆ. ಇದನ್ನು ತಿಂಗಳುಗಟ್ಟಲೆ ನುಂಗುತ್ತ ಹೋದರೆ ಕರುಳು ತಾಮ್ರವನ್ನು ಹೀರುವುದು ಕಡಿಮೆಯಾಗಿ, ರಕ್ತಹೀನತೆಯೂ ನರದೌರ್ಬಲ್ಯವೂ ಬರಬಹುದು. ಗಾಯ ಬೇಗ ಮಾಯಲೆಂದು ನುಂಗಿದ ಸತುವೇ ಕೊಲಾಜೆನ್ ಬೆಸೆಯುವ ತಾಮ್ರವನ್ನು ಕಸಿದುಕೊಂಡಂತೆ.

ತಾಮ್ರದ ಮಾತು ತೆಗೆದಾಗ ತೋಟಿಗರೊಬ್ಬರು, "ಡಾಕ್ಟ್ರೇ, ಕೊಳೆ ರೋಗಕ್ಕೆ ಹೊಡೆಯುವ ಮೈಲುತುತ್ತವೂ ತಾಮ್ರವೇ ಅಲ್ಲವೇ, ಅದನ್ನೇ ಹಚ್ಚಿದರಾಗದೇ?" ಎಂದು ಕೇಳಿದ್ದರು. ಆಗದು. ಮೈಲುತುತ್ತ ಮಾಂಸವನ್ನು ಸುಡುತ್ತದೆ, ತೆರೆದ ಗಾಯದ ಮೂಲಕ ಮೈಗೇರಿದರೆ ವಿಷವೂ ಆಗುತ್ತದೆ. ಹೊರಗಿನಿಂದ ನಾನು ಬಳಸುವ ಖನಿಜವೆಂದರೆ ಜಿಂಕ್ ಆಕ್ಸೈಡ್ ಮುಲಾಮು ಒಂದೇ. ಅದನ್ನೂ ಹುಣ್ಣಿನೊಳಗೆ ತುಂಬದೆ, ರಸಿಕೆಯಿಂದ ನೆನೆದು ಬೆಳ್ಳಗಾದ ಸುತ್ತಲ ಚರ್ಮಕ್ಕೆ ಮಾತ್ರ ಸವರುತ್ತೇನೆ.