ವಿಮಾನ ಬಿದ್ದು ಶತ್ರುಗಳ ಕೈಗೆ ಸಿಕ್ಕರೆ ಏನು ಮಾಡಬೇಕು?

ನಮ್ಮಲ್ಲಿ ಹೆಚ್ಚಿನವರು ಫೈಟರ್ ವಿಮಾನದ ಹತ್ತಿರಕ್ಕೂ ಹೋಗುವವರಲ್ಲ, ಬಿಡಿ. ಆದರೂ ತಿಳಿದಿರಲಿ.

ಪ್ಯಾರಾಚೂಟ್‌ನಲ್ಲಿ ಇಳಿದ ಕೂಡಲೇ ಎದುರಿಗೆ ಬಂದವರನ್ನು "ಇದು ಯಾವ ದೇಶ" ಅಂತ ಕೇಳಿ, ಅವರ ಮಾತು ನಂಬಬೇಡಿ. 2019ರ ಫೆಬ್ರವರಿ 27ರಂದು ಮಿಗ್-21ರಿಂದ ಪಾಕಿಸ್ತಾನದ ಹಿಡಿತದ ನೆಲದಲ್ಲಿ ಇಳಿದ ನಮ್ಮ ವಾಯುಪಡೆಯ ಅಭಿನಂದನ್ ಹಾಗೆ ಕೇಳಿದಾಗ ಊರಿನ ಹುಡುಗರು ಭಾರತ ಅಂದುಬಿಟ್ಟರು ಅಂತ ಸುದ್ದಿಯಾಗಿತ್ತು. ಜೇಬಲ್ಲಿರುವ ಮ್ಯಾಪು, ಕಾಗದ ಎಲ್ಲ ಮೊದಲು ಹಾಳು ಮಾಡಿ. ಅಭಿನಂದನ್ ಕೊಳಕ್ಕೆ ಹಾರಿ ಕೆಲವನ್ನು ನುಂಗಿದರಂತೆ, ಉಳಿದದ್ದನ್ನು ನೀರಲ್ಲಿ ನೆನೆಸಿದರಂತೆ.

ಆಮೇಲೆ ಪ್ರಶ್ನೆಗಳು. ಯುದ್ಧಕೈದಿಗಳ ಬಗ್ಗೆ ಇರುವ 1949ರ ಮೂರನೇ ಜಿನೀವಾ ಒಪ್ಪಂದದ ಪ್ರಕಾರ ನೀವು ಹೇಳಬೇಕಾದದ್ದು ನಾಲ್ಕೇ: ಹೆಸರು, ಹುದ್ದೆ, ಹುಟ್ಟಿದ ದಿನ, ಸರ್ವೀಸ್ ನಂಬರ್. ಚಹಾ ಕೊಟ್ಟರೆ ಕುಡಿಯಿರಿ, ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನಿ, ಯಾವ ವಿಮಾನ ಅಂತ ಕೇಳಿದರೆ ಮಾತ್ರ ಅಭಿನಂದನ್ ಹಾಗೆ ನಯವಾಗಿ "ಕ್ಷಮಿಸಿ, ಹೇಳುವಂತಿಲ್ಲ" ಅಂದುಬಿಡಿ.

ಹೆಸರೇ ತೊಂದರೆ ಆದರೆ? 1965ರಲ್ಲಿ ಹಂಟರ್ ವಿಮಾನದಿಂದ ಬಿದ್ದು ಸೆರೆಯಾದ ನಂದಾ ಕಾರ್ಯಪ್ಪ, ಸೇನೆಯ ಮುಖ್ಯಸ್ಥರಾಗಿದ್ದ ನಮ್ಮ ಕೊಡಗಿನ ಕಾರ್ಯಪ್ಪನವರ ಮಗ. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಬಿಟ್ಟುಬಿಡುತ್ತೇನೆ ಅಂದರೆ ಅಪ್ಪ ಒಪ್ಪಲಿಲ್ಲ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಇವನಿಗೊಬ್ಬನಿಗೆ ರಿಯಾಯಿತಿ ಬೇಡ ಅಂದರು. ಮಗ ಬಂದದ್ದು ಮುಂದಿನ ಜನವರಿಯಲ್ಲೇ.

ಇನ್ನು ತಪ್ಪಿಸಿಕೊಳ್ಳುವ ವಿಷಯ. ಯಾರಿಗೂ ಪೆಟ್ಟು ಮಾಡದೆ ಓಡಲು ಹೋಗಿ ಸಿಕ್ಕಿಬಿದ್ದರೆ, ಒಪ್ಪಂದದ ಪ್ರಕಾರ 30 ದಿನಕ್ಕಿಂತ ಜಾಸ್ತಿ ಶಿಕ್ಷೆ ಇಲ್ಲ. ಹಾಗಾಗಿ ಧೈರ್ಯ ಇದ್ದರೆ ನೋಡಬಹುದು. 1972ರ ಆಗಸ್ಟ್‌ನಲ್ಲಿ ರಾವಲ್ಪಿಂಡಿ ಕ್ಯಾಂಪಿನ ಗೋಡೆಯ ಇಟ್ಟಿಗೆಗಳನ್ನು ಒಂದೊಂದಾಗಿ ಸಡಿಲಿಸಿ, 1971ರ ಯುದ್ಧದಲ್ಲಿ ಸೆರೆಸಿಕ್ಕ ನಮ್ಮ ಪೈಲಟ್‌ಗಳಾದ ದಿಲೀಪ್ ಪರುಳ್ಕರ್, ಗ್ರೇವಾಲ್, ಹರೀಶ್ ಸಿಂಹಜಿ ಮೂವರೂ ರಾತ್ರಿ ಆ ತೂತಿನಿಂದ ನುಸುಳಿ ಹೊರಬಿದ್ದರು, ಬಸ್ಸು ಹತ್ತಿ ಪೇಶಾವರ ಸೇರಿದರು, ಅಲ್ಲಿಂದ ಮುಂದೆ ಲಂಡಿ ಕೋಟಲ್ ತನಕವೂ ಹೋದರು. ಅಫ್ಘಾನ್ ಗಡಿಗೆ ಇನ್ನು ಕೆಲವೇ ಮೈಲಿ! ಅಷ್ಟೆಲ್ಲ ದಾಟಿದವರು ಅಲ್ಲಿ ಲಂಡಿ ಖಾನಾಗೆ ಹೇಗೆ ಹೋಗುವುದು ಅಂತ ಕೇಳಿದರು. ಮ್ಯಾಪಿನಲ್ಲಿ ಅದು ಸ್ಟೇಷನ್ನು, ಆದರೆ ಅಲ್ಲಿಗೆ ರೈಲು ನಿಂತದ್ದು 1932ರಲ್ಲೇ. ಆ ಊರಿನವರು ಯಾರೂ ಕೇಳದ ಹೆಸರು ಅದು. ಅನುಮಾನ ಬಂತು. ಯುದ್ಧದ ನಂತರ ಪಾಕಿಸ್ತಾನದಲ್ಲಿ ಸಿಕ್ಕಿಕೊಂಡು ಅಫ್ಘಾನಿಸ್ತಾನಕ್ಕೆ ಓಡುತ್ತಿರುವ ಬಂಗಾಳಿಗಳಿರಬೇಕು ಅಂತ ಮೂವರನ್ನೂ ಹಿಡಿದು ಕೂರಿಸಿದರು.

ಹಾಗಾಗಿ ಮ್ಯಾಪು ಸಿಕ್ಕರೆ ಮೊದಲು ಅದು ಯಾವ ಕಾಲದ್ದು ಅಂತ ನೋಡಿ.